ಸ್ವಂತ ಹೆಸರಿನ ಒಂದು ಮತ
(ಕಮಲಾದೇವಿ ಚಟ್ಟೋಪಾಧ್ಯಾಯರ ಜೀವನದತ್ತ ಒಂದು ನೋಟ)

ಓರ್ವ ವಿದ್ಯಾರ್ಥಿನಿ, ಬಿ.ಎ. ಅಂತಿಮ ವರ್ಷ, ಹಲಸಿ

ನಮ್ಮ ಹಲಸಿಯ ಸೀಮೆಯಲ್ಲಿ ಕಮಲಾದೇವಿ ಎಂಬ ಹೆಸರು ಹೊಸದಲ್ಲ. ಕದಂಬರ ಕಾಲದಲ್ಲಿ ಪಲಾಶಿಕೆ ಎನಿಸಿಕೊಂಡು, ಬನವಾಸಿಯ ನಂತರದ ಎರಡನೆಯ ರಾಜಧಾನಿಯಂತೆ ಮೆರೆದ ಈ ಊರು 12ನೆಯ ಶತಮಾನದಲ್ಲಿ ಗೋವೆಯ ಕದಂಬರ ಆಳಿಕೆಯಲ್ಲಿತ್ತು. ಆ ವಂಶದ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯು ಕಿತ್ತೂರಿನ ಹತ್ತಿರದ ದೇಗಾಂವಿಯಲ್ಲಿ ಕಮಲನಾರಾಯಣ ದೇವಾಲಯವನ್ನು ಕಟ್ಟಿಸಿದಳು. ಕಲ್ಲಿನಲ್ಲಿ ಕೊರೆದ ಅವಳ ಹೆಸರು ಇಂದಿಗೂ ಉಳಿದಿದೆ. ಆದರೆ ಅದೇ ಕಾಲದಲ್ಲಿ ನಮ್ಮ ಹೊಲಗಳಲ್ಲಿ ನೆಟ್ಟಿ ಹಚ್ಚಿದ, ಕಣದಲ್ಲಿ ರಾಶಿ ಮಾಡಿದ, ಕಲ್ಲು ಮಣ್ಣು ಹೊತ್ತ ಸಾವಿರಾರು ಹೆಣ್ಣುಮಕ್ಕಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಹೆಸರುಳಿಯಬೇಕಾದರೆ ಹೆಣ್ಣು ರಾಣಿಯಾಗಿರಬೇಕಾಗಿತ್ತು.

ಸಾಮಾನ್ಯ ಹೆಣ್ಣಿನ ಹೆಸರು ರಾಜ್ಯದ ಪುಸ್ತಕದಲ್ಲಿ ಸೇರುವುದಕ್ಕೆ ಅನಂತರ ಸುಮಾರು 8 ಶತಮಾನಗಳೇ ಹಿಡಿದುವು. ಆ ಪುಸ್ತಕ ಯಾವುದು? ಮತದಾರರ ಯಾದಿ! ಈ ಕಾರ್ಯಕ್ಕಾಗಿ ದುಡಿದವರಲ್ಲಿ ಮತ್ತೊಬ್ಬ ಕಮಲಾದೇವಿ ಇದ್ದರು. ಅವರೂ ಕನ್ನಡ ನಾಡಿನವರೇ, ಮಂಗಳೂರಿನಲ್ಲಿ ಹುಟ್ಟಿದವರು. ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಅವರನ್ನು ದೇಶವೆಲ್ಲ ನೆನೆಯುತ್ತದೆ. ಆದರೆ ಸ್ತ್ರೀಯರ ಮತದ ಹಕ್ಕಿಗಾಗಿಯೂ ಲೋಕಶಾಂತಿಗಾಗಿಯೂ ಅವರು ಪಟ್ಟ ಶ್ರಮವನ್ನು ನಾವು ಅಷ್ಟಾಗಿ ಬಲ್ಲವರಲ್ಲ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಲ್ಯದ ಪಾಠ

ಕಮಲಾದೇವಿಯವರು 1903ನೆಯ ಇಸವಿ ಏಪ್ರಿಲ್ 3ರಂದು ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿಯವರು ವಿದ್ಯಾಭಿರುಚಿಯುಳ್ಳ ಸ್ವಾಭಿಮಾನಿ ಮಹಿಳೆ. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ಮರಣಪತ್ರ ಬರೆಯದೆಯೇ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಹೆಂಡತಿಯ ಮಗನಿಗೆ ಸೇರಿತು. ಹೆಂಡತಿಗೂ ಮಗಳಿಗೂ ತಿಂಗಳಿಗಿಷ್ಟೆಂದು ಪೋಷಣೆಯ ಹಣ ಗೊತ್ತಾಯಿತು. ಗಿರಿಜಾಬಾಯಿಯವರು ಅದನ್ನು ಬೇಡವೆಂದರು. ತವರಿನಿಂದ ತಮಗೆ ಬಂದುದರಲ್ಲಿಯೇ ಮಗಳನ್ನು ಸಾಕಿದರು.

ಈ ಘಟನೆಯ ಮೇಲೆ ಸ್ವಲ್ಪ ವಿಚಾರ ಮಾಡಬೇಕು. ಆ ಮನೆಯಲ್ಲಿ ಬಡತನವಿರಲಿಲ್ಲ, ಅವಿದ್ಯೆಯಿರಲಿಲ್ಲ, ಪ್ರೀತಿಗೂ ಕೊರತೆಯಿರಲಿಲ್ಲ. ಆದರೂ ಒಂದು ದಿನದಲ್ಲಿ ತಾಯಿ-ಮಗಳು ತಮ್ಮ ಮನೆಯಲ್ಲಿಯೇ ಪರರಾದರು. ಕಾರಣ, ಕಾನೂನು ಮಾಡಿದವರಲ್ಲಿ ಹೆಣ್ಣೊಬ್ಬಳೂ ಇರಲಿಲ್ಲ. ಕಾನೂನು ಮಾಡುವವರನ್ನು ಆರಿಸುವವರಲ್ಲಿಯೂ ಇರಲಿಲ್ಲ. ಮತದ ಹಕ್ಕು ಎಂದರೆ ಪಟ್ಟಣದ ವಿದ್ಯಾವಂತೆಯರ ಹವ್ಯಾಸವೆಂದು ಅಂದಿನವರು ಹಾಸ್ಯ ಮಾಡುತ್ತಿದ್ದರು. ಅನ್ನ ಮತ್ತು ನೆಳಲಿನ ಪ್ರಶ್ನೆಯೇ ಅದರಲ್ಲಿ ಅಡಗಿದೆಯೆಂಬುದಕ್ಕೆ ಗಿರಿಜಾಬಾಯಿಯವರ ಬಾಳೇ ಸಾಕ್ಷಿ.

1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಮಲಾದೇವಿಯವರಿಗೆ ಮದುವೆಯಾಯಿತು. 1919ರಲ್ಲಿ ವೈಧವ್ಯ ಬಂದಿತು. ಆ ಕಾಲದ ಬಾಲವಿಧವೆಯ ಪಾಡನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಮ್ಮ ಅಜ್ಜಿಯಂದಿರ ಬಾಯಿಂದ ಎಲ್ಲರೂ ಕೇಳಿದ್ದೇವೆ. ಅವರು ಮಾತ್ರ ಮೂಲೆ ಹಿಡಿಯಲಿಲ್ಲ. ಮದ್ರಾಸಿನಲ್ಲಿ ವ್ಯಾಸಂಗ ಮುಂದುವರಿಸಿದರು. ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮದುವೆಯಾದರು. ವಿಧವಾವಿವಾಹ, ಅದೂ ಬೇರೆ ಪ್ರಾಂತದವರೊಡನೆ! ಸಮಾಜ ಎಷ್ಟು ಮಾತನಾಡಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಮುಂದೆ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಕೇಳಿ 1923ರಲ್ಲಿ ಸ್ವದೇಶಕ್ಕೆ ಮರಳಿದರು.

ಬೆಳಗಾವಿಯ ಕಾಲ

ಮರಳಿ ಬಂದವರು ಸೇರಿದುದು ನಮ್ಮ ಭಾಗದಲ್ಲಿಯೇ ಹುಟ್ಟಿ ಬೆಳೆದ ಸಂಸ್ಥೆಯನ್ನು. ಡಾ. ನಾ. ಸು. ಹರ್ಡೀಕರರು ಹುಬ್ಬಳ್ಳಿಯಲ್ಲಿ ಕಟ್ಟಿದ ಸೇವಾದಳವೇ ಅದು. ಅದರ ಸ್ತ್ರೀ ವಿಭಾಗದ ಜೀವಾಳವಾಗಿದ್ದವರು ಉಮಾಬಾಯಿ ಕುಂದಾಪುರರು. ಅವರೂ ಮಂಗಳೂರಿನಲ್ಲಿ ಹುಟ್ಟಿದವರು, ತಾರುಣ್ಯದಲ್ಲಿಯೇ ಪತಿಯನ್ನು ಕಳೆದುಕೊಂಡವರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತಷ್ಟೆ. ಆ ಸಮಯದಲ್ಲಿ ಉಮಾಬಾಯಿಯವರು ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಮಂಗಲಕಾರ್ಯದಲ್ಲಿ ಎದುರಿಗೆ ಬರಬಾರದೆಂದು ಮನೆಯವರು ದೂರವಿಟ್ಟಿದ್ದ ಹೆಣ್ಣುಮಕ್ಕಳು ರಾಷ್ಟ್ರದ ಮಹಾಸಭೆಯ ಅತಿಥಿಗಳನ್ನು ಎದುರುಗೊಂಡು ಸತ್ಕರಿಸಿದರೆಂದರೆ, ಅದು ಸಣ್ಣ ಕ್ರಾಂತಿಯೆ?

ಮತದ ಹಕ್ಕು ಹೇಗೆ ಬಂದಿತು?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನ್ಯೂಜಿಲೆಂಡಿನ ಸ್ತ್ರೀಯರು 1893ರಲ್ಲಿಯೇ ಮತದ ಹಕ್ಕನ್ನು ಪಡೆದಿದ್ದರು. ಇಂಗ್ಲೆಂಡಿನಲ್ಲಿ 30 ವರ್ಷ ಮೀರಿದ ಕೆಲವರಿಗೆ 1918ರಲ್ಲಿಯೂ, ಗಂಡಸರ ಸರಿಸಮವಾಗಿ 1928ರಲ್ಲಿಯೂ ಅದು ದೊರೆಯಿತು. ಸ್ವಿಟ್ಜರ್ಲೆಂಡಿನಂಥ ದೇಶದಲ್ಲಿ ರಾಷ್ಟ್ರೀಯ ಚುನಾವಣೆಗಳಿಗೆ 1971ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ ಈ ಬೇಡಿಕೆಗೆ ರೂಪು ಕೊಟ್ಟವರಲ್ಲಿ ಮಾರ್ಗರೆಟ್ ಕಸಿನ್ಸ್ ಮುಖ್ಯರು. ಐರ್ಲೆಂಡಿನಲ್ಲಿ ಸ್ತ್ರೀಯರ ಮತದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡು, 1915ರಲ್ಲಿ ಭಾರತಕ್ಕೆ ಬಂದವರು ಅವರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಕನ್ಯಾಶಾಲೆಯ ಮುಖ್ಯಾಧ್ಯಾಪಿಕೆಯಾಗಿಯೂ ಇದ್ದರು. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವು ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತಮಂತ್ರಿ ಮಾಂಟೆಗ್ಯು ಮದ್ರಾಸಿಗೆ ಬಂದಾಗ, ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಸ್ತ್ರೀಯರ ನಿಯೋಗವೊಂದು ಅವನನ್ನು ಕಂಡು, ಹೊಸ ಸುಧಾರಣೆಗಳಲ್ಲಿ ಹೆಣ್ಣನ್ನೂ ಪ್ರಜೆಯೆಂದು ಎಣಿಸಬೇಕೆಂದು ಕೇಳಿತು. ಸೌತ್‌ಬರೋ ಸಮಿತಿಯು ಈ ಬೇಡಿಕೆಯನ್ನು ತಳ್ಳಿಹಾಕಿತು. ಕೊನೆಗೆ ಬ್ರಿಟಿಷ್ ಸಂಸತ್ತು, ಈ ವಿಷಯವನ್ನು ಆಯಾ ಪ್ರಾಂತದ ಶಾಸನಸಭೆಗಳೇ ತೀರ್ಮಾನಿಸಲಿ ಎಂದು ಜಾರಿಕೊಂಡಿತು. ಮದ್ರಾಸ್ ಪ್ರಾಂತವು 1921ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಮುಂಬಯಿ ಪ್ರಾಂತವೂ ಒಪ್ಪಿತು. ಆಗ ಮಂಗಳೂರು ಮದ್ರಾಸಿಗೆ, ಬೆಳಗಾವಿ ಮುಂಬಯಿಗೆ ಸೇರಿದ್ದುವಾದ್ದರಿಂದ, ಎರಡೂ ಕಡೆಯ ಕನ್ನಡತಿಯರಿಗೆ ಒಂದೇ ವರ್ಷದಲ್ಲಿ ಬಾಗಿಲು ತೆರೆದಂತಾಯಿತು.

ಆದರೆ ಬಾಗಿಲು ಬಹು ಕಿರಿದು. ಆಸ್ತಿಯುಳ್ಳವರಿಗೆ, ತೆರಿಗೆ ಕೊಡುವವರಿಗೆ ಮಾತ್ರ ಮತ. ಹೆಣ್ಣಿನ ಹೆಸರಿನಲ್ಲಿ ಆಸ್ತಿಯೆಲ್ಲಿತ್ತು? ಗಿರಿಜಾಬಾಯಿಯವರ ಪ್ರಸಂಗವನ್ನು ಈಗಾಗಲೇ ನೋಡಿದೆವು. ಅಲ್ಲದೆ ಹೆಣ್ಣು ಮತ ಕೊಡಬಹುದಾಗಿತ್ತೇ ಹೊರತು, ಸ್ವತಃ ಉಮೇದುವಾರಳಾಗಿ ನಿಲ್ಲುವಂತಿರಲಿಲ್ಲ. ಆ ತಡೆಯು 1926ರಲ್ಲಿ ತೊಲಗಿತು.

ತಡೆ ತೊಲಗಿದೊಡನೆ ಒಬ್ಬರಾದರೂ ನಿಂತು ತೋರಿಸಬೇಕಲ್ಲವೆ? ಮಾರ್ಗರೆಟ್ ಕಸಿನ್ಸರ ಪ್ರೇರಣೆಯಿಂದ ಕಮಲಾದೇವಿಯವರು ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತರು. ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆ ಅವರೇ. ಆಗ ಅವರ ವಯಸ್ಸು 23. ಪ್ರಚಾರಕ್ಕೆ ದೊರೆತ ಕಾಲ ತೀರ ಅಲ್ಪ. ಮತದಾರರು ಬಹುಮಟ್ಟಿಗೆ ಗಂಡಸರೇ. ಆದರೂ ಅವರು ಸೋತುದು ಬಹು ಸಣ್ಣ ಅಂತರದಿಂದ. ಸೋಲೆಂದು ಇದನ್ನು ಬರೆದಿಡುವುದು ಸರಿಯಲ್ಲ. ಹೆಣ್ಣು ನಿಂತರೆ ಜನ ಮತ ಹಾಕುತ್ತಾರೆಂಬುದು ಅಂದು ಸಿದ್ಧವಾಯಿತು, ಅದೇ ಗೆಲುವು.

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಆರಂಭವಾದಾಗ ಅದರ ಸಂಘಟನಾ ಕಾರ್ಯದರ್ಶಿಯ ಹೊಣೆ ಕಮಲಾದೇವಿಯವರಿಗೆ ಬಂದಿತು. ದೇಶವೆಲ್ಲ ಸುತ್ತಿ ಶಾಖೆಗಳನ್ನು ಕಟ್ಟಿದರು. ಬಾಲ್ಯವಿವಾಹವನ್ನು ತಡೆಯುವ 1929ರ ಶಾರದಾ ಕಾಯಿದೆಗಾಗಿ ಪರಿಷತ್ತು ದುಡಿಯಿತು. ಆ ಕಾಯಿದೆಯು ಹೆಣ್ಣಿನ ಮದುವೆಗೆ ಕನಿಷ್ಠವೆಂದು ಗೊತ್ತುಮಾಡಿದ ವಯಸ್ಸು 14. ಅವರ ಮೊದಲ ಮದುವೆಯಾದುದೂ ಅದೇ ವಯಸ್ಸಿನಲ್ಲಿ. 1944ರಲ್ಲಿ ಆ ಪರಿಷತ್ತಿಗೆ ಅವರೇ ಅಧ್ಯಕ್ಷರಾದರು.

ಸೀರೆಯ ಬಾವುಟ

1929ರಲ್ಲಿ ಬರ್ಲಿನ್ ನಗರದಲ್ಲಿ, ಸ್ತ್ರೀಯರ ಮತದ ಹಕ್ಕಿಗಾಗಿ 1904ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘದ 25ನೆಯ ವರ್ಷದ ಸಮ್ಮೇಲನ ನಡೆಯಿತು. ಸರೋಜಿನಿ ನಾಯ್ಡು ಮತ್ತು ಕಮಲಾದೇವಿಯವರು ಭಾರತದ ಪ್ರತಿನಿಧಿಗಳಲ್ಲಿದ್ದರು. ಸಭಾಂಗಣದಲ್ಲಿ ಎಲ್ಲ ದೇಶಗಳ ಬಾವುಟಗಳೂ ಹಾರುತ್ತಿದ್ದುವು. ಭಾರತಕ್ಕೆ ಮಾತ್ರ ಸ್ವಂತ ಬಾವುಟವಿರಲಿಲ್ಲ. ಆಳುವವರ ಬಾವುಟದ ಕೆಳಗೆ ನಿಲ್ಲಲು ನಮ್ಮವರು ಒಪ್ಪಲಿಲ್ಲ. ತಮ್ಮ ಸೀರೆಗಳನ್ನೇ ಹರಿದು ಹೊಲಿದು ತ್ರಿವರ್ಣ ಧ್ವಜವನ್ನು ಮಾಡಿಕೊಂಡರು.

ಈ ಕಥೆ ಕೇಳಲು ಸೊಗಸಾಗಿದೆ. ಅದರೊಳಗಿನ ವಿಚಾರ ಇನ್ನೂ ದೊಡ್ಡದು. ಯುರೋಪಿನ ಸೋದರಿಯರು ತಮ್ಮ ಸರಕಾರಗಳೊಡನೆ ಮತಕ್ಕಾಗಿ ಕಾದಾಡುತ್ತಿದ್ದರು. ಆದರೆ ಅದೇ ಸರಕಾರಗಳು ಏಷ್ಯ ಆಫ್ರಿಕಗಳನ್ನು ಆಳುತ್ತಿದ್ದುದರ ಬಗ್ಗೆ ಅವರಲ್ಲಿ ಬಹುಮಂದಿ ಮೌನವಾಗಿದ್ದರು. ಒಂದು ದೇಶಕ್ಕೇ ತನ್ನ ಮಾತಿಲ್ಲದಿರುವಾಗ ಆ ದೇಶದ ಹೆಣ್ಣಿಗೆ ಮಾತೆಲ್ಲಿಂದ ಬಂದೀತು? ಕಮಲಾದೇವಿಯವರು ಎತ್ತಿದ ಪ್ರಶ್ನೆ ಇದೇ.

ಅದೇ ವರ್ಷ ಪ್ರಾಗ್ ನಗರದಲ್ಲಿ ನೆರೆದ, ಶಾಂತಿ ಸ್ವಾತಂತ್ರ್ಯಗಳಿಗಾಗಿ ಮಹಿಳೆಯರ ಅಂತರರಾಷ್ಟ್ರೀಯ ಸಂಘದ ಸಮ್ಮೇಲನಕ್ಕೂ ಅವರು ಹೋದರು. ಈ ಸಂಘ ಹುಟ್ಟಿದುದು 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ. ಪರಸ್ಪರ ಕಾದುತ್ತಿದ್ದ ದೇಶಗಳ ಸ್ತ್ರೀಯರು ಹಾಲೆಂಡಿನ ಹೇಗ್ ನಗರದಲ್ಲಿ ಒಂದೇ ಚಾವಣಿಯ ಕೆಳಗೆ ಕೂಡಿ ಯುದ್ಧ ನಿಲ್ಲಲೆಂದು ಕೇಳಿದರು. ಅಮೆರಿಕೆಯ ಜೇನ್ ಆ್ಯಡಮ್ಸ್ ಅದರ ಅಧ್ಯಕ್ಷೆ. ಮತ ಮತ್ತು ಶಾಂತಿ ಎಂಬ ಎರಡು ಮಾತುಗಳು ಒಂದಾದುದು ಹೀಗೆ. ಯುದ್ಧಕ್ಕೆ ಮಗನನ್ನು ಕಳಿಸುವವಳು ತಾಯಿ. ಆದರೆ ಯುದ್ಧ ಬೇಕೇ ಬೇಡವೇ ಎಂದು ಅವಳನ್ನು ಕೇಳಿದವರಿಲ್ಲ. ಕಮಲಾದೇವಿಯವರು ಇದಕ್ಕೆ ತಮ್ಮದೊಂದು ಮಾತು ಸೇರಿಸಿದರು. ಪರದೇಶವನ್ನು ಆಳುವ ಆಸೆ ಉಳಿದಿರುವವರೆಗೂ ಶಾಂತಿ ಬರಿಯ ಕದನವಿರಾಮ. ಸ್ವಾತಂತ್ರ್ಯವಿಲ್ಲದ ಶಾಂತಿ ಶಾಂತಿಯಲ್ಲ. ಇದು ಅವರ ಬಾಳಿನ ಸೂತ್ರವಾಯಿತು.

ಉಪ್ಪು ಮತ್ತು ಸೆರೆಮನೆ

1930ರ ಮಾರ್ಚ್ 12ರಂದು ಗಾಂಧೀಜಿಯವರು ದಂಡಿಗೆ ಹೊರಟಾಗ ಅವರ ಜೊತೆಗೆ ಆಯ್ದ ಸತ್ಯಾಗ್ರಹಿಗಳಲ್ಲಿ ಸ್ತ್ರೀಯರು ಇರಲಿಲ್ಲ. ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್, ಖಾದಿ ಪ್ರಚಾರ ಇವು ಸ್ತ್ರೀಯರಿಗೆ ಒಪ್ಪುವ ಕೆಲಸವೆಂದು ಅವರ ಅಭಿಪ್ರಾಯ. ಕಮಲಾದೇವಿಯವರು ಇದನ್ನು ಒಪ್ಪಲಿಲ್ಲ. ಉಪ್ಪು ಅಡಿಗೆಮನೆಯ ವಸ್ತು. ಅದರ ತೆರಿಗೆಯ ಭಾರ ಮೊದಲು ತಟ್ಟುವುದು ಅಡುವವಳಿಗೆ. ಆ ಸತ್ಯಾಗ್ರಹದಿಂದ ಅವಳನ್ನೇ ಹೊರಗಿಡುವುದೆ? ಗಾಂಧೀಜಿಯವರನ್ನು ಕಂಡು ವಾದಿಸಿ ಒಪ್ಪಿಗೆ ಪಡೆದರು. ಮುಂಬಯಿಯ ಚೌಪಾಟಿಯ ದಂಡೆಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಉಪ್ಪು ಮಾಡಿ ಕಾಯಿದೆ ಮುರಿದರು. ಆ ಉಪ್ಪಿನ ಪೊಟ್ಟಣಗಳನ್ನು ಷೇರು ಪೇಟೆಯೊಳಗೆ ಹೊಕ್ಕು ಮಾರಿದರು. ಕೈಸೆರೆಯಾದರು, ಕಾರಾಗೃಹ ಸೇರಿದರು.

ಅಂದು ಸಾವಿರಾರು ಸ್ತ್ರೀಯರು ಹೊಸ್ತಿಲು ದಾಟಿ ಬೀದಿಗೆ ಬಂದರು. ಮರುವರ್ಷ, 1931ರಲ್ಲಿ, ಕರಾಚಿಯ ಕಾಂಗ್ರೆಸ್ ಅಧಿವೇಶನವು ಸ್ವತಂತ್ರ ಭಾರತದಲ್ಲಿ ಸ್ತ್ರೀ-ಪುರುಷರೆಂಬ ಭೇದವಿಲ್ಲದೆ ಪ್ರಾಪ್ತವಯಸ್ಕರೆಲ್ಲರಿಗೂ ಮತವೆಂದು ಠರಾಯಿಸಿತು. ಈ ಎರಡು ಸಂಗತಿಗಳ ನಡುವೆ ಸಂಬಂಧವಿಲ್ಲವೆಂದು ಯಾರು ಹೇಳಬಲ್ಲರು? ನಮ್ಮಲ್ಲಿ ಮತವು ಮೇಲಿನಿಂದ ಬಂದ ದಾನವೆಂದು ಕೆಲವರು ಬರೆಯುತ್ತಾರೆ. ಲಾಠಿಯ ಮುಂದೆ ನಿಂತು ಉಪ್ಪನ್ನು ಕಾಯ್ದವರು ಅದರ ಬೆಲೆಯನ್ನು ಮೊದಲೇ ತೆತ್ತಿದ್ದರೆಂದು ನನಗೆ ಅನಿಸುತ್ತದೆ.

ಯುದ್ಧದ ವರ್ಷಗಳು

1939ರಲ್ಲಿ ಎರಡನೆಯ ಮಹಾಯುದ್ಧ ಮೊದಲಾದಾಗ ಕಮಲಾದೇವಿಯವರು ವಿದೇಶದಲ್ಲಿದ್ದರು. ಮುಂದೆ ಅಮೆರಿಕೆಗೆ ಹೋಗಿ ಭಾರತದ ಪಕ್ಷವನ್ನು ಅಲ್ಲಿನ ಜನರಿಗೆ ತಿಳಿಸಿದರು. 1941ರಲ್ಲಿ ಆ ದೇಶದ ದಕ್ಷಿಣ ಭಾಗದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಗಾಡಿಯಿಂದ ಎದ್ದುಹೋಗುವಂತೆ ಟಿಕೀಟು ಅಧಿಕಾರಿಯೊಬ್ಬನು ಹೇಳಿದನು. ಅವರು ಏಳಲಿಲ್ಲ. ಇವರು ಭಾರತೀಯರೆಂದು ತಿಳಿದ ಮೇಲೆ ಅವನ ದನಿ ಮೆತ್ತಗಾಯಿತು. ತಾವು ಪರದೇಶದವರೆಂಬ ವಿನಾಯಿತಿಯನ್ನು ಅವರು ಹಿಡಿದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ, ತಾವೂ ಬಣ್ಣದವರೇ ಎಂದು ಸ್ಪಷ್ಟವಾಗಿ ಹೇಳಿ ಕುಳಿತಲ್ಲಿಯೇ ಕುಳಿತರು. ಇತರರಿಗಿಲ್ಲದ ಮರ್ಯಾದೆ ತಮಗೊಬ್ಬರಿಗೇ ಸಿಕ್ಕರೆ ಸಾಲದೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು.

ಜಪಾನನ್ನೂ, ಜಪಾನಿನ ದಾಳಿಗೆ ಸಿಕ್ಕಿ ಬೇಯುತ್ತಿದ್ದ ಚೀನವನ್ನೂ ಕಂಡು ಅವರು ಪುಸ್ತಕಗಳನ್ನು ಬರೆದರು. ಏಷ್ಯದ ಒಂದು ದೇಶ ಮತ್ತೊಂದನ್ನು ತುಳಿಯುವುದನ್ನು ಕಣ್ಣಾರೆ ಕಂಡ ಮೇಲೆ, ಸಾಮ್ರಾಜ್ಯದ ರೋಗ ಬಿಳಿಯರಿಗೆ ಮಾತ್ರ ಅಂಟಿದ್ದಲ್ಲವೆಂದು ಅವರು ಎಚ್ಚರಿಸಿದರು.

1947ರಲ್ಲಿ ಸ್ವಾತಂತ್ರ್ಯ ಬಂದಿತು. ಅದರೊಡನೆ ದೇಶವಿಭಜನೆಯ ರಕ್ತಪಾತವೂ ಬಂದಿತು. ಜೊತೆಗಾರರು ಅಧಿಕಾರದ ಪೀಠಗಳನ್ನೇರುತ್ತಿದ್ದಾಗ ಕಮಲಾದೇವಿಯವರು ನಿರಾಶ್ರಿತರ ನಡುವೆ ಹೋದರು. 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಕಟ್ಟಿದರು. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು ತಮ್ಮ ಕೈಯಿಂದಲೇ ಮನೆ ಕಟ್ಟಿಕೊಂಡು ಫರೀದಾಬಾದ್ ಎಂಬ ಹೊಸ ನಗರವನ್ನು ಎಬ್ಬಿಸಿದರು. ಭಿಕ್ಷೆಯಿಂದ ಬದುಕುವವನ ಮನಸ್ಸಿನಲ್ಲಿ ಹಗೆ ಹೊಗೆಯಾಡುತ್ತದೆ. ಕೈಗೆ ಕೆಲಸ ಬಂದರೆ ಅದು ಆರುತ್ತದೆ. ಮುಂದೆ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ನೇಕಾರರು, ಕುಂಬಾರರು, ಕಸೂತಿಯ ಹೆಣ್ಣುಮಕ್ಕಳು ಇವರ ಕೈಕಸಬನ್ನು ಉಳಿಸಲು ದುಡಿದುದನ್ನೂ ನಾನು ಶಾಂತಿಯ ಕೆಲಸವೆಂದೇ ಭಾವಿಸುತ್ತೇನೆ. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಅವರು ನಿಧನ ಹೊಂದಿದರು.

ಇಪ್ಪತ್ತೆಂಟು ಲಕ್ಷ ಹೆಸರುಗಳು

1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದು, 326ನೆಯ ಅನುಚ್ಛೇದದ ಮೂಲಕ ಹೆಣ್ಣಿಗೂ ಗಂಡಿಗೂ ಸಮಾನವಾದ ಮತವನ್ನು ಕೊಟ್ಟಿತು. ಆಸ್ತಿ, ವಿದ್ಯೆ, ತೆರಿಗೆ ಇವಾವುದರ ನಿರ್ಬಂಧವೂ ಉಳಿಯಲಿಲ್ಲ. ಹೋರಾಟ ಮುಗಿಯಿತೆಂದು ತೋರಬಹುದು. ಆದರೆ 1951-52ರ ಮೊದಲ ಮಹಾಚುನಾವಣೆಗೆ ಯಾದಿ ಸಿದ್ಧಪಡಿಸುವಾಗ ಒಂದು ವಿಚಿತ್ರ ಸಂಗತಿ ಬೆಳಕಿಗೆ ಬಂದಿತು. ಎಷ್ಟೋ ಸ್ತ್ರೀಯರು ಮನೆಗೆ ಬಂದ ಅಧಿಕಾರಿಗೆ ತಮ್ಮ ಹೆಸರನ್ನೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಪರಪುರುಷನೆದುರು ಹೆಸರು ಹೇಳಬಾರದೆಂಬುದು ರೂಢಿ. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತ ಕೊಡುವವಳಿಗೆ ಸ್ವಂತ ಹೆಸರು ಇರಲೇಬೇಕೆಂದರು. ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ, ಹೆಸರು ಹೇಳದ 28 ಲಕ್ಷದಷ್ಟು ಮಂದಿಯನ್ನು ಯಾದಿಯಿಂದ ತೆಗೆದುಹಾಕಬೇಕಾಯಿತು. ಅವರಲ್ಲಿ ಬಹುಪಾಲು ಉತ್ತರದ ರಾಜ್ಯಗಳವರು. ಆಗ ಇದು ಕಠೋರವೆನಿಸಿತು. ಹೆಸರಿಲ್ಲದೆ ಹಕ್ಕಿಲ್ಲವೆಂಬ ಪಾಠ ಮಾತ್ರ ದೇಶಕ್ಕೆ ಮನವರಿಕೆಯಾಯಿತು.

ಈ ವಿಷಯ ನಮಗೆ ದೂರದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಮದುವೆಯಾಗಿ ಬಂದವಳನ್ನು ಹೆಸರು ಹಿಡಿದು ಕರೆಯುವುದು ಇಂದಿಗೂ ಅಪರೂಪ. ಇಂಥವರ ಸೊಸೆಯಾಗಿ ಬಂದವಳು ಇಂಥವರ ತಾಯಿಯಾಗಿ, ಕೊನೆಗೆ ಇಂಥವರ ಅಜ್ಜಿಯಾಗಿ ಹೋಗುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನಮ್ಮ ಅವ್ವನ ಪೂರ್ಣ ಹೆಸರನ್ನು ಅಚ್ಚಾದ ಅಕ್ಷರಗಳಲ್ಲಿ ನಾನು ಮೊದಲು ಓದಿದುದು ಮತದಾರರ ಗುರುತಿನ ಚೀಟಿಯಲ್ಲಿ. ಹೊಲ, ಮನೆ, ಬ್ಯಾಂಕು ಯಾವುದರ ಕಾಗದದಲ್ಲಿಯೂ ಆ ಹೆಸರಿರಲಿಲ್ಲ. ದೇಶಕ್ಕೆ ಅವಳು ಗೊತ್ತಿರುವುದು ಆ ಒಂದು ಚೀಟಿಯಿಂದ.

ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಗಳಲ್ಲಿಯೇ ಸ್ತ್ರೀಯರಿಗೆ ನಾಲ್ಕರಲ್ಲೊಂದು ಭಾಗ ಮೀಸಲಾಗಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಅದನ್ನು ದೇಶದಲ್ಲೆಲ್ಲ ಮೂರರಲ್ಲೊಂದಕ್ಕೆ ಏರಿಸಿತು. 2010ರಲ್ಲಿ ನಮ್ಮ ರಾಜ್ಯವು ಅರ್ಧದಷ್ಟನ್ನು ಕೊಟ್ಟಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲೊಂದು ಸ್ಥಾನ ಕೊಡುವ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಹೀಗೆ ಕಾನೂನು ಮುಂದೆ ನಡೆದಿದೆ. ಆದರೆ ಸದಸ್ಯೆಯ ಕುರ್ಚಿಯಲ್ಲಿ ಅವಳ ಯಜಮಾನರು ಕೂಡುವುದನ್ನೂ, ಯಾರಿಗೆ ಒತ್ತಬೇಕೆಂದು ಗಂಡಸರನ್ನು ಕೇಳಿಕೊಂಡು ಮತಗಟ್ಟೆಗೆ ಹೋಗುವುದನ್ನೂ ನಾವು ಕಾಣುತ್ತಿದ್ದೇವೆ. ಹೆಸರು ಯಾದಿಗೆ ಬಂದಿತು. ಮಾತು ಇನ್ನೂ ಬರಬೇಕಾಗಿದೆ.

ಸಹಪಾಠಿ ಸೋದರಿಯರಿಗೆ ನನ್ನ ಬಿನ್ನಹವಿಷ್ಟೆ. ಮತದ ವಯಸ್ಸು 1989ರಿಂದ 21ರ ಬದಲು 18 ಆಗಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಮೊದಲ ದಿನವನ್ನು ಲೆಕ್ಕಕ್ಕೆ ಹಿಡಿದು ಹೆಸರು ಸೇರಿಸಲು 2022ರಿಂದ ಅವಕಾಶವಿದೆ. ಬರುವ ವರ್ಷ ನಮ್ಮಲ್ಲಿ ಕೆಲವರು ಮದುವೆಯಾಗಿ, ಇನ್ನು ಕೆಲವರು ನೌಕರಿಗಾಗಿ ಬೇರೆ ಊರಿಗೆ ಹೋಗಬಹುದು. ಹೋಗುವಾಗ ಪಾತ್ರೆ-ಪಡಗ, ಪದವಿಯ ಪ್ರಮಾಣಪತ್ರಗಳ ಜೊತೆಗೆ ಹೆಸರನ್ನೂ ಆ ಊರಿನ ಯಾದಿಗೆ ಒಯ್ಯುವುದನ್ನು ಮರೆಯಬಾರದು. ಮದುವೆಯ ಗಡಿಬಿಡಿಯಲ್ಲಿ ಕಳೆದುಹೋಗುವ ಮೊದಲ ವಸ್ತು ಅದೇ. ಸೋದರರಿಗೂ ಒಂದು ಮಾತು: ಮನೆಯಲ್ಲಿ ಅವ್ವನನ್ನು, ಅಕ್ಕನನ್ನು ಯಾರಿಗೆ ಮತ ಹಾಕುವೆಯೆಂದು ಕೇಳಬೇಡಿ, ಯಾರಿಗೆ ಹಾಕಬೇಕೆಂದು ಹೇಳಲೂ ಬೇಡಿ. ನಮ್ಮ ದೇಶದ ಆಡಳಿತದ ಬಗ್ಗೆ ಅವಳ ಅಭಿಪ್ರಾಯವೇನೆಂದು ಕೇಳಿ, ಸುಮ್ಮನೆ ಕಿವಿಗೊಡಿ.

ಶಾಂತಿಯ ವಿಷಯದಲ್ಲಿಯೂ ಕಮಲಾದೇವಿಯವರ ದಾರಿ ನಮಗೆ ಹತ್ತಿರದ್ದು. ಎರಡು ಭಾಷೆಗಳು ಕೂಡಿ ಬಾಳುವ ಖಾನಾಪುರ ತಾಲೂಕಿನಲ್ಲಿ, ಸಂತೆಯಲ್ಲಿ ಕನ್ನಡದಲ್ಲಿ ಕೊಂಡು ಮರಾಠಿಯಲ್ಲಿ ಚೌಕಾಶಿ ಮಾಡುವ ಹೆಣ್ಣುಮಕ್ಕಳನ್ನು ನಾವು ದಿನವೂ ನೋಡುತ್ತೇವೆ. ಗಡಿಯ ಜಗಳ ಕಾವೇರಿ ಬಸ್ಸು ನಿಂತ ದಿನ ಹಾಲು ಮಾರುವವಳಿಗೂ, ಪರೀಕ್ಷೆಗೆ ಹೋಗಬೇಕಾದವಳಿಗೂ ಆಗುವ ನಷ್ಟವನ್ನು ಯಾವ ಭಾಷಣಕಾರನೂ ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವನ್ನು ಬಲ್ಲವಳು ಬಾಯಿ ತೆರೆದು ಹೇಳುವಂತಾದರೆ, ಪ್ರಾಗ್ ನಗರದ ಸಮ್ಮೇಲನದ ಕೆಲಸವೇ ನಮ್ಮೂರ ಕಟ್ಟೆಯ ಮೇಲೆ ನಡೆದಂತಾಗುತ್ತದೆ.